ಅತ್ತು ಸಾವ್ರ ಅಂದರೆ ಹತ್ತು ಸಾವಿರ

ಕರ್ನಾಟಕ ಸರ್ಕಾರದಲ್ಲಿ ಇ-ಆಡಳಿತದ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ಕೆಂಗೇರಿಯಿಂದ ನಮಸ್ಕಾರ.

ನಾನು ಇಲ್ಲಿ 18 ವರ್ಷದಿಂದ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಟೈಪಿಂಗ್, ಲ್ಯಾಮಿನೇಷನ್, ಮದುವೆ ಕಾರ್ಡಿನ ಡಿಸೈನ್ ಮಾಡಿಕೊಂಡಿದ್ದೆ. ಈಗ ಆನ್‌ಲೈನ್ ಅರ್ಜಿ ಹಾಕೋದೇ ಮುಖ್ಯ ಕೆಲಸ. ಜಾತಿ-ಆದಾಯ ಪ್ರಮಾಣಪತ್ರ, ಪಹಣಿ ಪ್ರಿಂಟ್, ಬಾಡಿಗೆ ಕರಾರು, ಮಕ್ಕಳ ಸ್ಕಾಲರ್‌ಶಿಪ್. ನೀವು ಕಂಪ್ಯೂಟರಿನ ಆ ಕಡೆ ಕೂತು ಏನೇ ಬದಲಾವಣೆ ಮಾಡಿದರೂ, ಅದು ಈ ಕಡೆ ಮೊದಲು ಗೊತ್ತಾಗೋದು ನಮ್ಮಂಥ ಅಂಗಡಿಗಳಲ್ಲಿ. ಆ ಅನುಭವದಿಂದ, ಸರ್ಕಾರದ ಕೆಲಸಕ್ಕೆ ಎಐ ತರುವ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಎದುರು ಹೂ ಮಾರುವ ಒಬ್ಬ ಅಮ್ಮ ಇದ್ದಾರೆ. ಮಳವಳ್ಳಿ ಕಡೆಯವರು. ಬೆಂಗಳೂರಿಗೆ ಬಂದು 30 ವರ್ಷ ಆಗಿದ್ದರೂ ಮಾತು ಇನ್ನೂ ಊರಿನದೇ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಮುಗಿಸಿ, ಉಳಿದಿದ್ದ ಸಾಲದ ಕಂತೆಲ್ಲ ಒಟ್ಟಿಗೆ ಕಟ್ಟಿದ್ದರು. ಒಂದು ಖಾಸಗಿ ಸಂಸ್ಥೆಯ ಸಾಲ. ಹೆಸರು ಬೇಡ. ವಾರ ಕಳೆದ ಮೇಲೆ ಕಂತು ಬಂದಿಲ್ಲ ಅಂತ ಮೆಸೇಜ್ ಬಂತು. ರಸೀದಿ ಅವರ ಸೆರಗಿನ ಗಂಟಿನಲ್ಲೇ ಇತ್ತು. ಮೆಸೇಜಿನಲ್ಲಿದ್ದ ನಂಬರಿಗೆ ನಾನೇ ಫೋನ್ ಮಾಡಿ, ಸ್ಪೀಕರ್ ಹಾಕಿ ಕೊಟ್ಟೆ.

ಒಂದು ಹೆಣ್ಣು ದನಿ ಮಾತಾಡಿತು. ಅದು ಎಐ ದನಿ ಅಂತ ನನಗೆ ಗೊತ್ತಾಯಿತು, ಅವರಿಗೆ ಗೊತ್ತಾಗಲಿಲ್ಲ. ವಾರ್ತೆ ಓದುವ ಹಾಗೆ ಸ್ಪಷ್ಟವಾದ ಕನ್ನಡ. "ನೀವು ಪಾವತಿಸಿದ ಮೊತ್ತವನ್ನು ತಿಳಿಸಿ" ಎಂದಿತು.

"ಅತ್ತು ಸಾವ್ರ ಕಟ್ಟಿವ್ನಿ ಕಣವ್ವ" ಅಂದರು ಅಮ್ಮ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಮೊತ್ತವನ್ನು ಮತ್ತೊಮ್ಮೆ ತಿಳಿಸಿ."

ಅವರು ಜೋರಾಗಿ ಹೇಳಿದರು. ಆಮೇಲೆ ನಿಧಾನವಾಗಿ ಹೇಳಿದರು. ನಾಲ್ಕು ಸಲ ಆಯಿತು. ಕಾಲ್ ಕಟ್ ಆಯಿತು. ಎರಡನೇ ಸಲ ನಾನೇ ಮಾತಾಡಿದೆ. "ಹತ್ತು ಸಾವಿರ" ಅಂದ ಕೂಡಲೇ ಅದಕ್ಕೆ ಅರ್ಥವಾಯಿತು. ದಿನಾಂಕ ಕೇಳಿತು. ಅಮ್ಮ ಪಕ್ಕದಿಂದ "ಅಮಾಸೆ ಒಳಗೇ ಕಟ್ಟಿವ್ನಿ ಅನ್ನು" ಅಂದರು. ನಾನು ರಸೀದಿ ನೋಡಿ ತಾರೀಖು ಹೇಳಿದೆ. "ನಿಮ್ಮ ಪಾವತಿ ನಮ್ಮ ದಾಖಲೆಯಲ್ಲಿ ಕಂಡುಬಂದಿಲ್ಲ. ಧನ್ಯವಾದಗಳು." ಅಷ್ಟೇ. ಮನುಷ್ಯರ ಜೊತೆ ಮಾತಾಡಬೇಕು ಅಂದರೆ ಒತ್ತೋಕೆ ಒಂದು ನಂಬರೂ ಇರಲಿಲ್ಲ.

ಫೋನ್ ಇಟ್ಟ ಮೇಲೆ ಅಮ್ಮ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ಅವ್ವ ಎಷ್ಟ್ ಚೆಂದಾಗಿ ಮಾತಾಡ್ತದೆ. ನಾನೇ ಸರ್ಯಾಗಿ ಏಳಿಲ್ಲ ಕಣಪ್ಪ."

ತಪ್ಪು ತಮ್ಮದೇ ಅಂದುಕೊಂಡರು. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ, ತಾವೇ ದುಡಿದು ಕಟ್ಟಿದ ದುಡ್ಡಿನ ಲೆಕ್ಕ ಹೇಳಿ, ತಪ್ಪು ತಮ್ಮದೇ ಅಂದುಕೊಂಡರು. ಮಂಡ್ಯ ಕಡೆ ಹಕಾರ ಬಿಟ್ಟು ಮಾತಾಡೋದು ತಲೆಮಾರುಗಳಿಂದ ಇದೆ. ಹಾಲು ಆಲಾಗುತ್ತೆ, ಹೂವು ಊವಾಗುತ್ತೆ. ಕೇಳೋ ಕಿವಿಗೆ ಎಲ್ಲ ಅರ್ಥ ಆಗುತ್ತೆ. ಧಾರವಾಡದವರು ದುಡ್ಡು ಕಟ್ಟೋದಿಲ್ಲ, ರೊಕ್ಕ ತುಂಬುತ್ತಾರೆ. "ಪಾವತಿ" ಅಂತ ಮನೆಯಲ್ಲಿ ಯಾರು ಅನ್ನುತ್ತಾರೆ ಹೇಳಿ? ಎರಡೂವರೆ ಸಾವಿರ, ಒಂದೂಕಾಲು ಲಕ್ಷ, ಆಚೆ ಮೊನ್ನೆ, ನಾಡಿದ್ದು. ನಮ್ಮ ಜನ ಲೆಕ್ಕ ಹೇಳೋದು, ದಿನ ಹೇಳೋದು ಹೀಗೆ.

ಖಾಸಗಿ ಸಂಸ್ಥೆಯ ತಪ್ಪಿಗೆ ಸರ್ಕಾರಕ್ಕೆ ಯಾಕೆ ಪತ್ರ ಅಂತ ನೀವು ಕೇಳಬಹುದು. ಯಾಕೆಂದರೆ ಅವರ ಕಿಟಕಿಯಲ್ಲಿ ಇವತ್ತು ಕೂತಿರುವ ದನಿ ನಾಳೆ ನಿಮ್ಮ ಕಿಟಕಿಗೂ ಬರುತ್ತೆ. ಸಾಲ ಕೊಡೋ ಸಂಸ್ಥೆ ಸರಿ ಇಲ್ಲ ಅಂದರೆ ಇನ್ನೊಂದು ಸಂಸ್ಥೆಗೆ ಹೋಗಬಹುದು. ಪಿಂಚಣಿಗೆ, ರೇಷನ್ ಕಾರ್ಡಿಗೆ ಜನ ಇನ್ನೊಂದು ಸರ್ಕಾರಕ್ಕೆ ಹೋಗೋಕೆ ಆಗೋದಿಲ್ಲ ಅಲ್ವಾ?

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಎಐ ಬೇಡ ಅನ್ನುವವನಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ನನ್ನ ಅಂಗಡಿಯಲ್ಲಿ ಟೈಪಿಂಗ್ ಕೆಲಸ ಕಡಿಮೆ ಆಗಿದೆ, ನಿಜ. ಆದರೆ ಅದರಿಂದ ಆದ ಒಳ್ಳೆಯದನ್ನೂ ಕಣ್ಣಾರೆ ನೋಡಿದ್ದೇನೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಕೆಲಸದವರೊಬ್ಬರಿದ್ದಾರೆ, ರಾಯಚೂರಿನವರು. ಆಸ್ಪತ್ರೆಯಿಂದ ಬಂದ ಇಂಗ್ಲಿಷ್ ಡಿಸ್ಚಾರ್ಜ್ ಸಮ್ಮರಿಯ ಫೋಟೋ ತೆಗೆದು, ಕನ್ನಡದಲ್ಲಿ ಹೇಳು ಅಂತ ಫೋನಿಗೇ ಕೇಳಿದರು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಅಂತ ಅದು ಹೇಳಿತು. ಔಷಧಿ ಅಂಗಡಿಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೆವು, ಸರಿಯಾಗಿತ್ತು. ಮೊದಲಾಗಿದ್ದರೆ ಆ ಕಾಗದ ಹಿಡಿದುಕೊಂಡು ಯಾರ್ಯಾರನ್ನೋ ಕೇಳಬೇಕಿತ್ತು. ಕಣ್ಣು ಕಾಣದ ಒಬ್ಬ ಡಿಗ್ರಿ ಹುಡುಗ ನೋಟ್ಸ್ ಸ್ಕ್ಯಾನ್ ಮಾಡಿಸಿಕೊಂಡು ಹೋಗಿ ಫೋನಿನಲ್ಲಿ ಓದಿಸಿಕೊಂಡು ಕೇಳುತ್ತಾನೆ. ಇದನ್ನೆಲ್ಲ ಬೇಡ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

ಹಾಗೇ ಇನ್ನೊಂದನ್ನೂ ನೋಡಿದ್ದೇನೆ. ಜಮೀನಿನ ವ್ಯಾಜ್ಯಕ್ಕೆ ಒಬ್ಬ ಯುವಕ ಎಐ ಕೈಯಲ್ಲಿ ತಕರಾರು ಅರ್ಜಿ ಬರೆಸಿ ಪ್ರಿಂಟ್ ತೆಗೆಸಲು ಬಂದ. ಕಾನೂನಿನ ಕಲಂ, ಕೋರ್ಟ್ ತೀರ್ಪು, ಇಸವಿ ಎಲ್ಲ ಇತ್ತು. ನೋಡೋಕೆ ವಕೀಲರು ಬರೆದ ಹಾಗೇ ಇತ್ತು. ಅವನ ವಕೀಲರು ಹುಡುಕಿದರೆ ಅಂಥ ತೀರ್ಪೇ ಇಲ್ಲ. ಓದಿದವರೂ ಇದರಲ್ಲಿ ಬಿದ್ದಿದ್ದಾರೆ. 2023ರಲ್ಲಿ ನ್ಯೂಯಾರ್ಕ್ ಕೋರ್ಟಿನಲ್ಲಿ ಚಾಟ್‌ಜಿಪಿಟಿ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ತೋರಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಈ ಯಂತ್ರ ಬರೆಯೋದು ಹೇಗೆಂದರೆ, ಓದಿದ್ದರ ಆಧಾರದ ಮೇಲೆ ಮುಂದೆ ಯಾವ ಪದ ಬಂದರೆ ಸರಿಹೊಂದುತ್ತೆ ಅಂತ ಲೆಕ್ಕ ಹಾಕಿ ಒಂದೊಂದೇ ಪದ ಜೋಡಿಸುತ್ತೆ. ಹಾಗಾಗಿ ಗೊತ್ತಿದ್ದಾಗ ಎಷ್ಟು ಚೆನ್ನಾಗಿ ಹೇಳುತ್ತೋ, ಗೊತ್ತಿಲ್ಲದಾಗಲೂ ಅಷ್ಟೇ ಚೆನ್ನಾಗಿ ಹೇಳುತ್ತೆ. ದನಿ ಒಂಚೂರೂ ಅಳುಕೋದಿಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಗೊತ್ತಿಲ್ಲದಿದ್ದರೆ ಅವರ ಮುಖ ನೋಡಿದರೇ ನಮಗೆ ತಿಳಿಯುತ್ತೆ. ಇಲ್ಲಿ ಮುಖವೇ ಇಲ್ಲ.

ಇನ್ನು ದನಿ ನಕಲು ಮಾಡಿ ಮಗನ ಹಾಗೆ ಮಾತಾಡಿ ದುಡ್ಡು ಕೇಳೋದು, ವೀಡಿಯೊ ಕಾಲ್‌ನಲ್ಲಿ ಪೊಲೀಸ್ ವೇಷ ಹಾಕಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸೋದು. ಇದರ ಬಗ್ಗೆ ನೀವೇ ಎಚ್ಚರಿಕೆ ಕೊಡುತ್ತಿದ್ದೀರಿ. ಸೈಬರ್ ವಂಚನೆಯ ದೂರು ಕೊಡುವ 1930 ನಂಬರನ್ನು ನಾನೂ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸಿದ್ದೇನೆ.

ಹೂವಿನ ಅಮ್ಮನ ವಿಷಯಕ್ಕೆ ವಾಪಸ್ ಬರುತ್ತೇನೆ. ಯಂತ್ರಕ್ಕೆ ನಮ್ಮ ಕನ್ನಡ ಯಾಕೆ ಅರ್ಧಂಬರ್ಧ ಬರುತ್ತೆ? ಡಿಟಿಪಿ ಮಾಡಿದವನಾಗಿ ನನಗೆ ಇದರ ಒಂದು ಕಾರಣ ಚೆನ್ನಾಗಿ ಗೊತ್ತು.

ನಾವೆಲ್ಲ ವರ್ಷಾನುಗಟ್ಟಲೆ ಟೈಪ್ ಮಾಡಿದ್ದು "ನುಡಿ", "ಬರಹ" ಅನ್ನೋ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ. ಆ ಹಳೆಯ ಫಾಂಟುಗಳಲ್ಲಿ ಕಾಣೋದು ಕನ್ನಡ, ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆಗೆದರೆ "ಕನ್ನಡ" ಅನ್ನೋ ಪದದ ಜಾಗದಲ್ಲಿ ಒಂದು ಪಿ, ಒಂದು ಪೌಂಡಿನ ಗುರುತು, ಒಂದು ಕ್ಯೂ, ಮಧ್ಯೆ ಮಧ್ಯೆ ತಲೆ ಮೇಲೆ ಗೆರೆ ಇರೋ ಎ ಕಾಣುತ್ತೆ. ಇಂಥ ಫೈಲನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಥರ ತಿಳಿಯೋ ಅಕ್ಷರ ಸಂಕೇತಕ್ಕೆ, ಬದಲಿಸಿಕೊಡೋದೇ ನನಗೆ ಎಷ್ಟೋ ದಿನದ ಕೆಲಸ. ಎಐ ಕಲಿಯೋದು ಯೂನಿಕೋಡಿನಲ್ಲಿ ಇರೋದನ್ನು ಓದಿ. ಹಾಗಾದರೆ ನಮ್ಮ ಸುತ್ತೋಲೆ, ನಡಾವಳಿ, ಆದೇಶಗಳಲ್ಲಿ ನುಡಿ ಫೈಲಿನಲ್ಲೋ ಓರೆಯಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲೋ ಕೂತಿರೋದೆಲ್ಲ ಅದರ ಪಾಲಿಗೆ ಬರೆದೇ ಇಲ್ಲ. 2011ರ ಜನಗಣತಿ ಪ್ರಕಾರ 4.37 ಕೋಟಿ ಜನರ ತಾಯ್ನುಡಿ ಕನ್ನಡ. ಅಷ್ಟು ಜನರ ಭಾಷೆ ಯಂತ್ರದ ಕಣ್ಣಿಗೆ ಚಿಕ್ಕದಾಗಿ ಕಾಣೋಕೆ ಇದೂ ಒಂದು ಕಾರಣ.

ಬಾಡಿಗೆ ಕರಾರು ಮಾಡಿಸಲು ಬಂದ ಒಬ್ಬ ಸಾಫ್ಟ್‌ವೇರ್ ಹುಡುಗಿ ಇನ್ನೊಂದು ವಿಷಯ ಹೇಳಿಕೊಟ್ಟಳು. ಯೂನಿಕೋಡಿನಲ್ಲೂ ಕನ್ನಡದ ಒಂದೊಂದು ಸಂಕೇತ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 3 ಬೈಟ್ ಜಾಗ ತಗೊಳ್ಳುತ್ತೆ, ಇಂಗ್ಲಿಷ್ ಅಕ್ಷರ 1 ಬೈಟ್. "ಕನ್ನಡ" ಅಂತ ನಮ್ಮ ಲಿಪಿಯಲ್ಲಿ ಬರೆದರೆ 15 ಬೈಟ್, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7. ಮೊದಮೊದಲ ಎಐಗಳು ನಮ್ಮ ಪದಗಳನ್ನು ಚೂರು ಚೂರು ಮಾಡಿ ಓದುತ್ತಿದ್ದವು. ಹಾಗಾಗಿ ಕನ್ನಡಕ್ಕೆ ಸಮಯವೂ ಜಾಸ್ತಿ, ಖರ್ಚೂ ಜಾಸ್ತಿ. ಇತ್ತೀಚಿನವು ಸುಧಾರಿಸಿವೆ ಅಂದಳು. ನೋಡಿದರೆ ನನಗೂ ಹಾಗೇ ಅನ್ನಿಸುತ್ತೆ. ಬರವಣಿಗೆಯ ಕನ್ನಡ ಮೂರು ವರ್ಷದ ಹಿಂದಕ್ಕಿಂತ ಈಗ ಎಷ್ಟೋ ವಾಸಿ. ಹಿಂದೆ ಬಿದ್ದಿರೋದು ಆಡುಮಾತು.

ಅದಕ್ಕೆ ದಾರಿ ಇಲ್ಲ ಅಂತೇನಿಲ್ಲ, ನಮ್ಮ ಊರಿನಲ್ಲೇ ಇದೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ, ಗೂಗಲ್ ಜೊತೆ ಸೇರಿ "ವಾಣಿ" ಅನ್ನೋ ಯೋಜನೆ ಶುರು ಮಾಡಿದೆ. ದೇಶದ 773 ಜಿಲ್ಲೆಗಳ ಜನ ಹೇಗೆ ಮಾತಾಡುತ್ತಾರೋ ಹಾಗೇ ರೆಕಾರ್ಡ್ ಮಾಡಿ ಕೂಡಿಡುವ ಗುರಿ ಅದರದು. ನಮ್ಮ ಭಾಷೆಗಳ ಅನುವಾದಕ್ಕೆ, ಮಾತು ಗುರುತಿಸೋಕೆ ಅಂತ ಕೇಂದ್ರ ಸರ್ಕಾರದ "ಭಾಷಿಣಿ" 2022ರಿಂದಲೂ ಇದೆ. ಕಬ್ಬನ್ ಪಾರ್ಕಿನಿಂದ ಯಶವಂತಪುರದ ದಾರಿಯಲ್ಲಿ ಇಷ್ಟೆಲ್ಲ ಕೆಲಸ ನಡೆಯುವಾಗ, ಯಾವುದೋ ಕಂಪನಿ ತಂದಿಟ್ಟ ರೆಡಿಮೇಡ್ ದನಿಯನ್ನು ನೀವು ಸುಮ್ನೆ ಒಪ್ಪಿಕೊಳ್ಳಬೇಕಾಗಿಲ್ಲ. ಟೆಂಡರಿನಲ್ಲೇ ಬರೆಯಿರಿ: ಮಂಡ್ಯ, ಕಲಬುರಗಿ, ಕುಂದಾಪುರ, ಕೋಲಾರದ ಮಾತಿನಲ್ಲಿ ಪರೀಕ್ಷೆ ಪಾಸಾದರೆ ಮಾತ್ರ ಬಿಲ್ ಪಾಸು.

ಆದರೆ ಭಾಷೆ ಪೂರ್ತಿ ಬಂದರೂ ನನ್ನ ಚಿಂತೆ ಮುಗಿಯೋದಿಲ್ಲ. ದೊಡ್ಡ ಚಿಂತೆ ಇರೋದು, ಯಂತ್ರ "ಇಲ್ಲ" ಅಂದಾಗ ಯಾರನ್ನು ಕೇಳಬೇಕು ಅನ್ನೋದು.

ನಮ್ಮ ಪಕ್ಕದ ತೆಲಂಗಾಣವನ್ನೇ ನೋಡಿ. ಅಲ್ಲಿ ರೇಷನ್ ಕಾರ್ಡ್ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಗುರುತಿಸೋಕೆ ಬೇರೆ ಬೇರೆ ಇಲಾಖೆಯ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ತಾಳೆ ಹಾಕಿದರು. ಹೈದರಾಬಾದಿನಲ್ಲಿ ರಿಕ್ಷಾ ಎಳೆಯುತ್ತಿದ್ದ ಒಬ್ಬರನ್ನು, ಹೆಚ್ಚುಕಡಿಮೆ ಅದೇ ಹೆಸರಿನ ಕಾರು ಮಾಲೀಕ ಅಂತ ಅದು ತಿಳಿಯಿತು. ಆ ಮನೆಯ ರೇಷನ್ ನಿಂತಿತು. 2016ರಿಂದ ಆ ರಾಜ್ಯದಲ್ಲಿ ರದ್ದಾದ ಕಾರ್ಡುಗಳು ಸುಮಾರು 19 ಲಕ್ಷ. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್, ಅವನ್ನೆಲ್ಲ ಮನುಷ್ಯರೇ ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಬೇಕು ಅಂತ ಹೇಳಿತು.

ಹೆಸರು ತಾಳೆ ಹಾಕೋದು ಎಷ್ಟು ಕಷ್ಟ ಅಂತ ನಮ್ಮ ಅಂಗಡಿಗೆ ಬಂದರೆ ಗೊತ್ತಾಗುತ್ತೆ. ಪಹಣಿಯಲ್ಲಿ "ಲಕ್ಷ್ಮಮ್ಮ ಕೋಂ ಲೇಟ್ ನಂಜಯ್ಯ". ಆಧಾರ್‌ನಲ್ಲಿ ಬರೀ "ಲಕ್ಷ್ಮಮ್ಮ", ಅದೂ ಇಂಗ್ಲಿಷಿನಲ್ಲಿ ಎಕ್ಸ್ ಹಾಕಿ. ಬ್ಯಾಂಕ್ ಪುಸ್ತಕದಲ್ಲಿ ಕೆ, ಎಸ್, ಎಚ್ ಹಾಕಿ "ಲಕ್ಷ್ಮಮ್ಮ ಎನ್". ಮೂರೂ ಒಬ್ಬರೇ. ಅದೇ ಬೀದಿಯಲ್ಲಿ ಇನ್ನೂ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ನಮ್ಮ ಗ್ರಾಮ ಲೆಕ್ಕಿಗರಿಗೆ ಇದು ಒಂದು ನೋಟಕ್ಕೆ ತಿಳಿಯುತ್ತೆ. "ಓ, ನಂಜಯ್ಯನ ಹೆಂಡ್ತಿ" ಅಂತ ಅವರು ಅನ್ನುವಾಗ ಎಷ್ಟು ದೊಡ್ಡ ಕೆಲಸ ಆಗಿಹೋಗುತ್ತೆ ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಹೂವಿನ ಅಮ್ಮನಿಗೆ ಆಗಿದ್ದೂ ಇದೇ. ನಾನು ಅರ್ಜಿ ಬರೆದು, ರಸೀದಿಯ ಜೆರಾಕ್ಸ್ ಲಗತ್ತಿಸಿ, ಸಂಸ್ಥೆಯ ಮುಖ್ಯ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದೆ. 22 ದಿನ ಆದ ಮೇಲೆ ಅಲ್ಲಿಂದ ಒಬ್ಬರು ಫೋನ್ ಮಾಡಿದರು. ನಿಜವಾದ ಮನುಷ್ಯರು. ಎರಡೇ ನಿಮಿಷದಲ್ಲಿ ಪತ್ತೆ ಹಚ್ಚಿದರು. ದುಡ್ಡು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹೋಗಿ ಕೂತಿತ್ತು. "ಅಮ್ಮಾ, ತಪ್ಪಾಯ್ತು" ಅಂತಲೂ ಅಂದರು. ಅಷ್ಟರೊಳಗೆ ವಸೂಲಿಯವರು ಎರಡು ಸಲ ಮನೆ ಹತ್ತಿರ ಬಂದು ಹೋಗಿದ್ದರು. ಅಕ್ಕಪಕ್ಕದವರ ಮುಂದೆ ಅವರಿಗಾದ ಅವಮಾನ ಯಾವ ರಸೀದಿಯಲ್ಲೂ ಬರೋದಿಲ್ಲ.

ಇಂಥದ್ದಕ್ಕೆ ಔಷಧಿ ನಿಮ್ಮ ಹತ್ತಿರವೇ ಇದೆ. ಅದಕ್ಕೇ ಈ ಪತ್ರ ಬರೆಯೋಕೆ ಧೈರ್ಯ ಬಂದಿದ್ದು. ಸಕಾಲ.

2011ರ ಕಾಯ್ದೆ, 2012ರಲ್ಲಿ ರಾಜ್ಯದ ತುಂಬ ಜಾರಿಗೆ ಬಂತು. ಅದಕ್ಕೆ ಮೊದಲು ಅರ್ಜಿ ಕೊಟ್ಟವರು "ಇವತ್ತು ಹೋಗಿ ನಾಳೆ ಬಾ" ಕೇಳಿಕೊಂಡು ಅಲೆಯುತ್ತಿದ್ದರು. ಸಕಾಲ ಬಂದ ಮೇಲೆ ಅರ್ಜಿಗೆ 15 ಅಂಕಿಯ ಒಂದು ನಂಬರ್ ಬಂತು. ಎಷ್ಟು ದಿನದಲ್ಲಿ ಆಗಬೇಕು ಅನ್ನೋದು ಬರಹದಲ್ಲಿ ಬಂತು. ಯಾವ ಅಧಿಕಾರಿ ಹೊಣೆ, ಆಗದಿದ್ದರೆ ಮೇಲ್ಮನವಿ ಯಾರಿಗೆ ಅನ್ನೋದು ಗೊತ್ತಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ದುಡ್ಡು ದೊಡ್ಡದಲ್ಲ. ಆದರೆ ಆ ನಂಬರ್ ಹಿಡಿದುಕೊಂಡು ಹೋದ ರೈತ ತಲೆ ಎತ್ತಿ "ಸಾರ್, ದಿನ ಆಯ್ತು" ಅನ್ನೋದನ್ನು ನಾನು ನೋಡಿದ್ದೇನೆ. ಕೈ ಮುಗಿದು ನಿಲ್ಲೋದಕ್ಕೂ ನಂಬರ್ ಹಿಡಿದು ನಿಲ್ಲೋದಕ್ಕೂ ಬಹಳ ವ್ಯತ್ಯಾಸ ಇದೆ.

ಅದೇ ಸಕಾಲವನ್ನು ಯಂತ್ರದ ಮಾತಿಗೂ ಅನ್ವಯಿಸಿ. ಸರ್ಕಾರದ ಯಾವುದೇ ಕೆಲಸದಲ್ಲಿ ಕಂಪ್ಯೂಟರ್ ಅಥವಾ ಎಐ ಒಬ್ಬರಿಗೆ "ನಿಮಗೆ ಅರ್ಹತೆ ಇಲ್ಲ", "ಹೆಸರು ಸಿಕ್ಕಿಲ್ಲ", "ಮುಖ ಹೊಂದಿಲ್ಲ" ಅಂದ ಕೂಡಲೇ ಒಂದು ಸಕಾಲ ನಂಬರ್ ಹುಟ್ಟಬೇಕು. ಯಾಕೆ ಇಲ್ಲ ಅನ್ನೋದು ಎರಡು ಸಾಲು ಕನ್ನಡದಲ್ಲಿ ಅದರ ಕೆಳಗೆ ಇರಬೇಕು, ಜನಕ್ಕೆ ಅರ್ಥವಾಗೋ ಕನ್ನಡದಲ್ಲಿ. ಇಷ್ಟು ದಿನದೊಳಗೆ ಒಬ್ಬ ಅಧಿಕಾರಿ ಅದನ್ನು ಕಣ್ಣಲ್ಲಿ ನೋಡಿ ತೀರ್ಮಾನ ಹೇಳಬೇಕು. ಅಲ್ಲಿಯವರೆಗೆ ಬರುತ್ತಿದ್ದ ಪಿಂಚಣಿಯಾಗಲಿ ರೇಷನ್ ಆಗಲಿ ನಿಲ್ಲಬಾರದು. ಈ ಕೊನೆಯದನ್ನು ದಯವಿಟ್ಟು ಬಿಡಬೇಡಿ. ಮೊದಲು ನಿಲ್ಲಿಸಿ ಆಮೇಲೆ ವಿಚಾರಿಸಿದರೆ, ಆ ನಡುವಿನ ತಿಂಗಳುಗಳಲ್ಲಿ ಒಲೆ ಹೇಗೆ ಉರಿಯಬೇಕು?

ಟ್ರಾಫಿಕ್ ಕ್ಯಾಮೆರಾ ನೋಡಿ. ಸಿಗ್ನಲ್ ದಾಟಿದರೆ ಯಂತ್ರವೇ ನೋಡಿ ದಂಡದ ನೋಟಿಸ್ ಹುಟ್ಟಿಸುತ್ತೆ. ಆದರೆ ಅದರ ಜೊತೆ ಫೋಟೋ ಬರುತ್ತೆ. ಗಾಡಿ ನಂಬರ್, ಜಾಗ, ಹೊತ್ತು ಎಲ್ಲ ಇರುತ್ತೆ. ನೋಟಿಸ್ ಪ್ರಿಂಟ್ ತೆಗೆಸಲು ಬರುವವರು ಅದನ್ನು ನೋಡಿ "ಹೌದು, ನಾನೇ" ಅಂತ ಒಪ್ಪಿಕೊಳ್ಳುತ್ತಾರೆ, ಅಥವಾ "ಇದು ನನ್ನ ಗಾಡಿ ಅಲ್ಲ" ಅಂತ ತೋರಿಸುತ್ತಾರೆ. ದಂಡ ಹಾಕೋಕೆ ಇಷ್ಟು ಸಾಕ್ಷಿ ಕೊಡಬಹುದಾದರೆ, ಪಿಂಚಣಿ ನಿಲ್ಲಿಸೋಕೂ ಕೊಡಬಹುದು.

ಕಾನೂನಿನಲ್ಲಿ ಒಂದು ಜಾಗ ಖಾಲಿ ಇದೆ, ಅದಕ್ಕೂ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಡೇಟಾ ಕಾನೂನಿನ 22ನೇ ಕಲಂ, ಬದುಕಿನ ಮೇಲೆ ದೊಡ್ಡ ಪರಿಣಾಮ ಬೀರುವ ತೀರ್ಮಾನವನ್ನು ಬರೀ ಯಂತ್ರಕ್ಕೆ ಬಿಡುವಂತಿಲ್ಲ ಅನ್ನುತ್ತೆ. ಕೆಲವು ವಿನಾಯಿತಿ ಇವೆ. ನಮ್ಮ 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ನೋಡುವ ಅವಕಾಶ ಇದೆ, ಅದು ಸಂತೋಷ. ಆದರೆ ಯಂತ್ರ ಮಾಡಿದ ತೀರ್ಮಾನವನ್ನು ಮನುಷ್ಯರೇ ನೋಡಬೇಕು ಅಂತ ಕೇಳುವ ಹಕ್ಕು ಅದರಲ್ಲಿ ಇಲ್ಲ. ದೆಹಲಿ ಅದನ್ನು ತುಂಬುವವರೆಗೆ ನಾವು ಕಾಯಬೇಕಿಲ್ಲ. ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ನಮ್ಮದು. ಸುಮಾರು 2 ಕೋಟಿ ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಬಂದಾಗ ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ಇದನ್ನೂ ನಾವೇ ಮೊದಲು ಮಾಡಬಹುದು.

ಕೊನೆಯದಾಗಿ ಒಂದು ಬಿನ್ನಹ. ಯಾವುದೇ ಹೊಸ ಎಐ ಸೇವೆ ಉದ್ಘಾಟನೆ ಮಾಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ನಮ್ಮ ಅಂಗಡಿಗೆ ತಂದು ಇಡಿ. ಸೋಮವಾರವೇ ಬನ್ನಿ, ಅವತ್ತು ರಶ್ ಜಾಸ್ತಿ. ವಿಧಾನಸೌಧದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಎಲ್ಲೂ ಬದಲಿಸೋ ಕೆಲಸ ಇಲ್ಲ, ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿಯಬಹುದು. ಎರಡು ಕುರ್ಚಿ, ಒಂದು ಫ್ಯಾನ್, ಕಾಫಿ ನಾನು ಕೊಡುತ್ತೇನೆ. ನಿಮ್ಮ ಯಂತ್ರದ ಮುಂದೆ ಮೊದಲು ಹೂವಿನ ಅಮ್ಮನನ್ನೇ ಕೂರಿಸೋಣ. ಅವರ ಹತ್ತಿರ ಈ ಮಾತು ಆಡಿದ್ದೇನೆ. ಬೆಳಿಗ್ಗೆ ಹತ್ತರ ಮೇಲಾದರೆ ವ್ಯಾಪಾರ ಕಮ್ಮಿ, ಬರ್ತೀನಿ ಅಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಕೆಂಗೇರಿಯ ಒಬ್ಬ ಜೆರಾಕ್ಸ್ ಅಂಗಡಿಯವನು
ಬೆಂಗಳೂರು